ಚರಗಕ್ಕೆ ಇಬ್ಬರು ಬೇಕು

ಅನಗವಾಡಿಯ ಜನ ಗೌರೀಶನನ್ನು ‘ಹಡಗಿನ ಸಾಹೇಬ’ ಅನ್ನುತ್ತಿದ್ದರು. ಹೊಳೆಯ ದಂಡೆಯಲ್ಲಿ ಹುಟ್ಟಿ, ಅದೇ ನೀರಿನಲ್ಲಿ ಈಜು ಕಲಿತವನು ನೌಕಾಪಡೆ ಸೇರಿ, ಕಮಾಂಡರ್ ಆಗಿ ನಿವೃತ್ತನಾದ. ಅಷ್ಟಕ್ಕೆಲ್ಲ ಊರು ಕೇಳಿದ್ದು ಒಂದೇ ಪ್ರಶ್ನೆ: “ಲಿಂಗ ಕಟ್ಟಿದವ್ರು ನೀವು, ಅಲ್ಲಿ ಮೀನ ತಿಂದ್ರೇನ್ರಿ?” ತಿಂದಿರಲಿಲ್ಲ. ಆದರೆ ನಂಬುವವರು ಯಾರು?

ಹಡಗಿನ ಒಂದು ಪದ್ಧತಿ ಅವನಿಗೆ ಬಹಳ ಹಿಡಿಸಿತ್ತು. ಅಧಿಕಾರಿ ಕೊಟ್ಟ ಆಜ್ಞೆಯನ್ನು ಚುಕ್ಕಾಣಿ ಹಿಡಿದವನು ಹಾಗೆಯೇ ತಿರುಗಿ ಹೇಳಬೇಕು. “ಬಲಕ್ಕೆ ಹತ್ತು ಡಿಗ್ರಿ” ಅಂದರೆ “ಬಲಕ್ಕೆ ಹತ್ತು ಡಿಗ್ರಿ, ಸರ್” ಎಂಬ ಉತ್ತರ ಬರಲೇಬೇಕು. ಅದನ್ನು ಕೇಳಿದಾಗಲೆಲ್ಲ ಗೌರೀಶನಿಗೆ ಎಳ್ಳಮವಾಸ್ಯೆಯ ಹೊಲ ನೆನಪಾಗುತ್ತಿತ್ತು. ಅಪ್ಪ ಗಿರಿಮಲ್ಲಪ್ಪ ಭೂತಾಯಿಗೆ ಚರಗವೆಂದು ಜೋಳದ ಬೆಳೆಯೊಳಗೆ ಕಡುಬು ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗುತ್ತಿದ್ದ. ಹಿಂದೆ ನೀರು ಚಿಮುಕಿಸುತ್ತ ಬರುವ ಗೌರೀಶ ಮತ್ತು ಅಣ್ಣ ಈಶ್ವರ “ಸಲಾಂಬ್ರಿಗೋ” ಎಂದು ಓಗೊಡುತ್ತಿದ್ದರು.

ಅಪ್ಪ ತೀರಿಕೊಂಡಾಗ ಹಡಗು ಯಾರಿಗೂ ಹೇಳಬಾರದ ಕೆಲಸದ ಮೇಲೆ ನಡುಗಡಲಲ್ಲಿತ್ತು. ದಡ ಸೇರಿದ ಮೇಲಷ್ಟೇ ಅವನಿಗೆ ಸುದ್ದಿ ಮುಟ್ಟಿತು. ಊರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಅಪ್ಪಗ ಒಂದ ಹಿಡಿ ಮಣ್ಣ ಹಾಕಾಕ ಬರಲಿಲ್ಲಲೇ ನೀ,” ಅಂದ ಈಶ್ವರ. ಅಂದಿನಿಂದ ಮಾತು ಬಿಟ್ಟ. ಹೊಲ ಪಾಲಾಯಿತು, ನಡುವೆ ಒಡ್ಡು ಎದ್ದಿತು.

ಹೆಂಡತಿ ಮಧುಮತಿ ಇರುವ ತನಕ ಗೌರೀಶ ಹೇಗೋ ತಡೆದುಕೊಂಡ. ಅವಳೂ ಹೋದ ಮೇಲೆ ವಿಶಾಖಪಟ್ಟಣದ ಮನೆಗೆ ಬೀಗ ಹಾಕಿ ಊರಿಗೆ ಬಂದುಬಿಟ್ಟ, ಅಣ್ಣ ಒಂದು ಮಾತಾದರೂ ಆಡಿಯಾನು ಎಂಬ ಆಸೆಯಿಂದ. ಮುಂಗಾರು ಮುಗಿದು ಹಿಂಗಾರಿ ಜೋಳ ಎದೆಮಟ್ಟ ಬೆಳೆಯಿತು. ಈಶ್ವರ ಎದುರಾದಾಗಲೆಲ್ಲ ಮುಖ ತಿರುವಿಕೊಂಡು ಹೋಗುತ್ತಿದ್ದ.

ಎಳ್ಳಮವಾಸ್ಯೆಯ ಬೆಳಿಗ್ಗೆ ಗೌರೀಶ ರೊಟ್ಟಿ ಮಾರುವ ಇಂದ್ರವ್ವನ ಮನೆಯಿಂದ ಕಡುಬು ಕಟ್ಟಿಸಿಕೊಂಡ.

“ಚರಗಕ್ಕ ಇಬ್ಬರ ಬೇಕಲ್ರೀ ಸಾಹೇಬ್ರ. ಒಬ್ರು ಚೆಲ್ಲಾಕ, ಒಬ್ರು ಓ ಅನ್ನಾಕ. ನಿಮ್ಮಣ್ಣನ್ನ ಕರೀರಿ,” ಅಂದಳು ಆಕೆ.

“ಕರದ್ರ ಬರಬೇಕಲ್ಲ ಯವ್ವಾ.”

ಒಬ್ಬನೇ ಹೊಲಕ್ಕಿಳಿದ. ಸುತ್ತಲಿನ ಹೊಲಗಳಲ್ಲಿ ಟ್ರ್ಯಾಕ್ಟರ್ ತುಂಬ ಬಂದವರ ನಗೆ, ಕೇಕೆ. ಕಡುಬು ಮುರಿದು ಚೆಲ್ಲಿ “ಹುಲ್ಲುಲ್ಲಿಗೋ!” ಎಂದು ಕೂಗಿದ. ಯಾರೂ ಓಗೊಡಲಿಲ್ಲ. ಸುತ್ತ ನೀರು ಬಿಟ್ಟರೆ ಏನೂ ಕಾಣದ ಕಡಲಲ್ಲೂ ಅವನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಮತ್ತೊಮ್ಮೆ ಕೂಗಿದ.

“ಸಲಾಂಬ್ರಿಗೋ.”

ಒಡ್ಡಿನ ಮೇಲೆ ನೀರಿನ ತಂಬಿಗೆ ಹಿಡಿದು ಈಶ್ವರ ನಿಂತಿದ್ದ. ಚರಗದ ಕೂಗಿಗೆ ಓಗೊಡದಿದ್ದರೆ ಕಾಳು ಜೊಳ್ಳಾಗುತ್ತದೆ ಎಂದು ಬಲವಾಗಿ ನಂಬಿದವನು. ಸಿಟ್ಟೆಲ್ಲ ತಮ್ಮನ ಮೇಲೆ, ಜೋಳ ಏನು ಮಾಡಿತ್ತು ಪಾಪ! ಒಡ್ಡು ಇಳಿದು ಬಂದ. ತಮ್ಮ ಚೆಲ್ಲುತ್ತ ಹೋದ, ಅಣ್ಣ ಹಿಂದಿನಿಂದ ನೀರು ಚಿಮುಕಿಸುತ್ತ ಓಗೊಟ್ಟ. ನಾಲ್ಕೂ ಮೂಲೆ ಮುಗಿದವು. ಗೌರೀಶ ತಿರುಗಿ ನೋಡುವಷ್ಟರಲ್ಲಿ ಈಶ್ವರ ಮತ್ತೆ ಒಡ್ಡು ಹತ್ತುತ್ತಿದ್ದ.

‘ಅಣ್ಣಾ’ ಎಂದು ಕರೆಯಬೇಕೆನ್ನಿಸಿತು. ಅದಕ್ಕೆ ಓ ಅನ್ನದೇ ಹೋದರೆ? ಗೌರೀಶನಿಗೆ ಧೈರ್ಯ ಸಾಲಲಿಲ್ಲ. ಬುಟ್ಟಿಯಲ್ಲಿ ಚೆಲ್ಲಲು ಒಂದು ಚೂರೂ ಉಳಿದಿರಲಿಲ್ಲ. ಆದರೂ ಬರಿಗೈ ಬೀಸಿ ಕೂಗಿದ:

“ಹುಲ್ಲುಲ್ಲಿಗೋ!”

ಈಶ್ವರ ನಿಂತ. ತಿರುಗಿ ನೋಡಲಿಲ್ಲ. “ಸಲಾಂಬ್ರಿಗೋ,” ಅಂದು ತನ್ನ ಹೊಲದ ಕಡೆ ಇಳಿದು ಹೋದ.