ರೊಟ್ಟಿ ತಟ್ಟುವ ಸದ್ದಿಲ್ಲದ ತುಣುಕು

ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು, ಅಡುಗೆಮನೆಯಲ್ಲಿ ನನ್ನ ಹೆಂಡತಿ.

ಶಾಲೆಯ ಗಂಟೆಗೆ ಬದುಕಿದ ಮೇಷ್ಟ್ರು ನಾನು. ನಿವೃತ್ತಿಯ ನಂತರವೂ ಏಳಕ್ಕೆ ಕೆಲಸಕ್ಕೆ ಕೂರಬೇಕು. ಈಗಿನ ಕೆಲಸ ತಮ್ಮನ ಮಗಳು ಕೊಟ್ಟದ್ದು. ಗಂಡ ಹೆಂಡತಿಯ ಮಾತಿನಲ್ಲಿ ಜಗಳವಿದೆಯೇ ಎಂದು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ಅವಳ ಸಂಶೋಧನೆ. ಒಪ್ಪಿದ ದಂಪತಿಗಳು ಮನೆಯ ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಹೆಸರಿಲ್ಲ, ನಂಬರ್ ಮಾತ್ರ. ಯಂತ್ರ ಮೊದಲು ತನ್ನ ಊಹೆಯ ಬಣ್ಣ ತೋರಿಸುತ್ತದೆ; ನಾನು ಕೇಳಿ, ಜಗಳಕ್ಕೆ ಕೆಂಪು, ಇಲ್ಲದಿದ್ದರೆ ಹಸಿರು ಹಾಕಬೇಕು. ನಿಯಮ ಎರಡು: ಬೇರೆ ಯಾರಿಗೂ ಕೇಳಿಸಬಾರದು; ಪರಿಚಯದ ದನಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಮೊದಲ ವಾರ ಜೋರು ದನಿಗೆಲ್ಲ ಕೆಂಪು ಹಾಕಿದ್ದೆ. ಹೆಂಡತಿ ನಕ್ಕಿದ್ದಳು. "ಒದರಿದ್ರ ಜಗಳ ಅಂದ್ರ ನಮ್ಮಿಬ್ಬರದು ಯಾವಾಗೋ ಕೋರ್ಟಿಗಿ ಹೋಗ್ತಿತ್ತು ಬಿಡ್ರಿ."

ಅಂದಿನ ಹನ್ನೊಂದನೆಯ ತುಣುಕಿನಲ್ಲಿದ್ದದ್ದು ವಾಡಿಯಲ್ಲಿರುವ ನಮ್ಮ ಮಗಳ ದನಿ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಳಿಯ ಉಣ್ಣುತ್ತಿದ್ದ. "ಪಲ್ಯ ಹಾಕ್ಲಿ?" "ಸಾಕು." ತಗ್ಗಿದ, ಮೆತ್ತನೆಯ ಮಾತು. ಯಂತ್ರ ಆಗಲೇ ಹಸಿರು ತೋರಿಸಿತ್ತು. ನೀರಿನ ಲೋಟದ ಸದ್ದು, ಬಳೆಯ ಸದ್ದು ಎಲ್ಲ ಕೇಳಿಸಿತು. ರೊಟ್ಟಿ ತಟ್ಟುವ ಸದ್ದು ಮಾತ್ರ ಇಲ್ಲ. ನಮ್ಮಲ್ಲಿ ಗಂಡಸು ಉಣ್ಣುತ್ತಿದ್ದಂತೆ ಹಂಚಿನಿಂದ ಒಂದೊಂದೇ ರೊಟ್ಟಿ ತಟ್ಟೆಗೆ ಬರುತ್ತದೆ.

ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ. "ರೊಟ್ಟಿ ಮೊದಲೇ ಮಾಡಿ ಮುಚ್ಚಿಟ್ರ ಏನರ್ಥ?"

"ನಲವತ್ತು ವರ್ಷ ನಾ ಸಿಟ್ಟಾದಾಗೆಲ್ಲ ತಂಗಳ ತಿಂದು ಈಗ ಕೇಳಾಕತ್ತೀರಿ?" ಎಂದವಳು ನನ್ನ ಮುಖ ನೋಡಿ ಕೈ ತೊಳೆದಳು. "ಯಾರ ಮನ್ಯಾಗ?"

ನಾನು ಪಡಸಾಲೆಯ ಗೋಡೆಯಲ್ಲಿದ್ದ ಮಗಳ ಮದುವೆಯ ಫೋಟೊದತ್ತ ನೋಡಿದೆ. ಹೆಂಡತಿ ವಾಡಿಗೆ ಹೊರಡಲು ಸೀರೆ ಬದಲಿಸಿದಳು.

ತಮ್ಮನ ಮಗಳಿಗೆ ಫೋನ್ ಮಾಡಿ, ದನಿ ಗುರುತಿನದು, ಆದರೂ ಪೂರ್ತಿ ಕೇಳಿದೆ ಎಂದು ತಪ್ಪೊಪ್ಪಿಕೊಂಡೆ. ಉಳಿದ ಒಂಬತ್ತು ತುಣುಕು ಮುಗಿಸಿಯೇ ಎದ್ದೆ. ಒಂದೂ ಸರಿಯಾಗಿ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನದ ರೈಲಿಗೆ ಇಬ್ಬರೂ ಹೊರಟೆವು.

ವಾಡಿಯಲ್ಲಿ ಸಂಜೆ ಅಳಿಯನೂ ನಾನೂ ಉಣ್ಣಲು ಕುಳಿತೆವು. ನನ್ನ ತಟ್ಟೆಗೆ ಹಂಚಿನಿಂದ ಬಿಸಿ ರೊಟ್ಟಿ ಬಂತು. ಅವನ ತಟ್ಟೆಗೆ ಬುಟ್ಟಿಯಿಂದ.

"ನಿಮಗ ಯಾರು ಹೇಳಿದ್ರಪ್ಪಾ?" ಮಗಳು ನಿಂತೇ ಕೇಳಿದಳು.

"ಯಾರೂ ಹೇಳಿಲ್ಲ. ನಿಮ್ಮ ರೆಕಾರ್ಡಿಂಗ್ ನನ್ನ ಕೈಗೇ ಬಂತು. ಕೇಳಬಾರದಿತ್ತು, ಕೇಳಿದೆ."

"ಮಷಿನ್ ಏನಂತು?"

"ಎಲ್ಲಾ ಛಲೋ ಅದ ಅಂತು."

"ಅದರದೇನು ತಪ್ಪು? ಎಂಟು ದಿನದಿಂದ ಎದುರಿಗೆ ಕುಂತು ಉಣ್ಣೋರಿಗೇ ಗೊತ್ತಾಗಿಲ್ಲ."

ಅಳಿಯ ತುತ್ತು ಹಿಡಿದ ಕೈ ಇಳಿಸಿದ. ತಟ್ಟೆಯನ್ನೂ ಬುಟ್ಟಿಯನ್ನೂ ನೋಡಿದ. "ಸಿಟ್ಟಾಗಿದ್ರ ಬಾಯಿಬಿಟ್ಟು ಹೇಳಬಾರದಾ?" ಎಂದ.

"ಹೇಳಿದ್ದೆ. ನೀವು ಫೋನ್ ನೋಡಾಕತ್ತಿದ್ರಿ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನೂ ಎದ್ದು ಹೋದ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಹೊರಗೆ ಬಂದು ಬಾಗಿಲ ಬಳಿ ಕುಳಿತಳು. ಒಳಗಿನ ಮಾತು ಏರಿತು, ಇಳಿಯಿತು, ಮತ್ತೆ ಏರಿತು. ಇದಕ್ಕೆ ಯಾವ ಬಣ್ಣ ಹಾಕಬೇಕೋ ತಿಳಿಯಲಿಲ್ಲ. ಎರಡೂ ತಟ್ಟೆಗಳನ್ನು ಬಚ್ಚಲಿಗೆ ಒಯ್ದು ತೊಳೆದು ಬೋರಲು ಹಾಕಿದೆ.