ಮಡ್ಲು ತುಂಬಲು ಲಂಕೆಗೆ ಹೋದ ಮುದ್ದಕ್ಕ

ಹುಳಿಯಾರು ಕಡೆ ಕೊಬ್ಬರಿ ಚಿಪ್ಪು ಬಿಡಿಸುವ ಹೆಂಗಸರಲ್ಲಿ ಮುದ್ದಕ್ಕನಷ್ಟು ಕೈ ಚುರುಕಿನವಳೂ ಇಲ್ಲ, ಅವಳಷ್ಟು ಬಾಯಿ ಜೋರಿನವಳೂ ಇಲ್ಲ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸುತ್ತಾಳೆ, ಅಷ್ಟೆ. ಒಳಗಿನ ಉಂಡೆ ಕೊಬ್ಬರಿ ಕಳಚಿಕೊಂಡಿದ್ದರೆ ಮಚ್ಚಿಗೆ ಕೊಡುತ್ತಾಳೆ, ಇಲ್ಲದಿದ್ದರೆ "ಇದಿನ್ನೂ ಆಗಿಲ್ಲ, ಮ್ಯಾಲಕ್ಕೆ ಹಾಕ್ರಿ" ಅಂತ ಪಕ್ಕಕ್ಕೆ ಉರುಳಿಸುತ್ತಾಳೆ. ತೋಟದ ಯಜಮಾನರೇ ಎದುರಿಗೆ ನಿಂತು "ಆಗದೆ ಕಣಮ್ಮ" ಅಂದರೂ ಸೊಪ್ಪು ಹಾಕುವವಳಲ್ಲ. ವಯಸ್ಸು ಐವತ್ತನಾಲ್ಕು. ಗಂಡ ಚಿತ್ತಣ್ಣ ಕುರಿ ಕಾಯುತ್ತಾನೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಪಾಪ, ಮಿಕ್ಕಿದ್ದನ್ನು ಅವಳೇ ಆಡಿ ಮುಗಿಸಿರುತ್ತಾಳೆ.

ಅವಳಿಗೆ ಮಕ್ಕಳಿಲ್ಲ. ತಂಗಿ ಶಶಿರೇಖಾಳೇ ಮಗಳು. ಅಪ್ಪ ಅವ್ವ ಇಬ್ಬರೂ ಒಂದೇ ವರ್ಷ ಹೋದಾಗ ಶಶಿಗೆ ಮೂರು ವರ್ಷ. ಮುದ್ದಕ್ಕನೇ ಎತ್ತಿ ಆಡಿಸಿ, ಹೇನು ಹೆಕ್ಕಿ, ತಿಪಟೂರಿನಲ್ಲಿ ಹಾಸ್ಟೆಲ್ಲಿಗೆ ಹಾಕಿ ನರ್ಸಿಂಗ್ ಓದಿಸಿದಳು. ಶಶಿ ಕುವೈತಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ ಹಟ್ಟಿಗೆಲ್ಲ ಮೈಸೂರುಪಾಕು ಹಂಚಿದವಳೂ ಇವಳೇ. ಅಲ್ಲೇ ಡ್ರೈವರಾಗಿದ್ದ ಸಿಂಹಳದ ಲಸಂತ ಎಂಬುವನನ್ನು ಶಶಿ ಮದುವೆಯಾಗಿ, ನಾಲ್ಕು ವರ್ಷದ ಹಿಂದೆ ಅವನನ್ನು ಕರೆದುಕೊಂಡು ಹಟ್ಟಿಗೆ ಬಂದಳು ನೋಡಿ, ಮುದ್ದಕ್ಕನ ಪಿತ್ತ ನೆತ್ತಿಗೇರಿತು. ಎರಡು ದಿನ ಇದ್ದರು. ಎರಡು ದಿನವೂ ಅವನ ಮುಖ ನೋಡಲಿಲ್ಲ. ಊಟ ಬಡಿಸಿದಳು, ಆದರೆ ತಟ್ಟೆ ನೋಡಿಕೊಂಡು ಬಡಿಸಿದಳು.

ಹೊರಡುವ ದಿನ ಶಶಿ ಸೀರೆ ಉಟ್ಟು, ಅಂಗಳದಲ್ಲಿ ನಿಂತು, ಸೆರಗೊಡ್ಡಿದಳು. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಡುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಕಳಿಸಬೇಕು. ಜಗಳವಾಡಿ ಹೊರಟವಳಿಗೂ ಹಾಕುತ್ತಾರೆ. ಬರೀ ಮಡಿಲಲ್ಲಿ ಕಳಿಸಿದರೆ ನಿನಗೂ ಈ ಮನೆಗೂ ಇಷ್ಟೇ ಅಂದ ಹಾಗೆ. ಮುದ್ದಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಶಶಿ ಎಷ್ಟು ಹೊತ್ತು ನಿಂತಿದ್ದಳೋ, ಇವಳು ಎದ್ದು ನೋಡಲಿಲ್ಲ. ನೋಡಬೇಕಿತ್ತು. ಆಮೇಲೆ ನಾಲ್ಕು ವರ್ಷ ದಿನಾ ಅನ್ನಿಸಿದೆ ಅವಳಿಗೆ, ನೋಡಬೇಕಿತ್ತು ಅಂತ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನು ಬಂತು. ಗಂಡ ಹೆಂಡತಿ ಕುವೈತು ಬಿಟ್ಟು ಶ್ರೀಲಂಕಾದ ಅವನ ಊರಿಗೆ ಬಂದು ಒಂದು ವರ್ಷವಾಗಿತ್ತಂತೆ.

"ಅಕ್ಕಾ, ನಂಗೆ ಏಳು ತಿಂಗ್ಳು," ಅಂದಳು ಶಶಿ. ಅಷ್ಟೇ. ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ.

"ಬತ್ತೀನಿ ಬುಡು," ಅಂದುಬಿಟ್ಟಳು ಮುದ್ದಕ್ಕ.

ಅವಳು ಕೆಲಸ ಮಾಡುವ ಮಂಡಿಯ ರಂಗನಾಥ್ ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ಎಲ್ಲ ಹದಿನೈದೇ ದಿನದಲ್ಲಿ ಓಡಾಡಿ ಮಾಡಿಸಿಕೊಟ್ಟ. ಹಟ್ಟಿಯವರು ಸುಮ್ಮನಿರುತ್ತಾರೆಯೇ? "ಲಂಕೆಗಂತೆ! ಬಾಲ ಒಂದು ಕಡಿಮೆ ನಿಂಗೆ" ಅಂತ ಹಾಸ್ಯ ಮಾಡಿದರು. ಚಿತ್ತಣ್ಣ ಕೂಡ ಅಪರೂಪಕ್ಕೆ ಬಾಯಿ ಬಿಟ್ಟು, "ಬೆಂಕಿ ಹಚ್ಚಿಬುಟ್ಟು ಬರ್‌ಬ್ಯಾಡ ಕಣೇ" ಅಂದ. ಮುದ್ದಕ್ಕ ಅಟ್ಟ ಹತ್ತಿದಳು. ಅರ್ಧ ದಿನ ಕೂತು, ನೂರಾರು ಕಾಯಿ ಅಲ್ಲಾಡಿಸಿ, ಐದು ಆರಿಸಿದಳು. ತಾನೇ ಚಿಪ್ಪು ಬಿಡಿಸಿದಳು. ಒಂದು ಗೀರು ಬಿದ್ದಿರಲಿಲ್ಲ, ಒಡೆಯದ ಉಂಡೆ ಕೊಬ್ಬರಿ ಐದಕ್ಕೆ ಐದು. ಹೋಗಿ ಮಡ್ಲು ತುಂಬಿಬಿಡಬೇಕು, ಬೇರೆ ಮಾತು ಆಮೇಲೆ, ಅಂತ ಅವಳ ಲೆಕ್ಕ. ಶಶಿ ಸೆರಗೊಡ್ಡದೆ ಹೋದರೆ? ಆ ಯೋಚನೆ ಬಂದಾಗಲೆಲ್ಲ ಎದ್ದು ಏನಾದರೂ ಕೆಲಸ ಮಾಡುತ್ತಿದ್ದಳು.

ಬೆಂಗಳೂರು ಏರ್‌ಪೋರ್ಟಿನಲ್ಲಿ ಅವಳ ಲೆಕ್ಕ ತಲೆಕೆಳಗಾಯಿತು. ಬ್ಯಾಗು ತೂಕಕ್ಕಿಟ್ಟ ಹುಡುಗಿ, "ಅಮ್ಮ, ಒಳಗೆ ಒಣಕೊಬ್ಬರಿ ಏನಾದ್ರೂ ಇದ್ಯಾ?" ಅಂತ ಕೇಳಿದಳು. ಇವಳು ಹೆಮ್ಮೆಯಿಂದ ಇದೆ ಅಂದಳು. ವಿಮಾನದಲ್ಲಿ ಒಣಕೊಬ್ಬರಿ ಹಾಕುವ ಹಾಗಿಲ್ಲ, ಎಣ್ಣೆ ಅಂಶ, ಬೆಂಕಿ ಹೊತ್ತಿಕೊಳ್ಳುತ್ತೆ ಅಂದಳು ಹುಡುಗಿ.

"ಬೆಂಕೀನಾ? ನಮ್ಮ ಅಟ್ಟದಾಗೆ ಸಾವಿರ್‍ಗಟ್ಲೆ ಅವೆ ಕಣಮ್ಮ, ಕೆಳಗಡೆ ಒಲೆ ಉರೀತದೆ. ಇವತ್ತಿನವರ್‍ಗೂ ಒಂದು ಕಿಡಿ ಇಲ್ಲ."

"ರೂಲ್ಸು ಅಮ್ಮ. ಇಲ್ಲೇ ಬಿಡಬೇಕು."

ರಂಗನಾಥ್ ಅವಳನ್ನು ಬಾಗಿಲ ತನಕ ಬಿಟ್ಟು ಹೋಗಿ ಆಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ಜಪ್ಪಯ್ಯ ಅಂದರೂ ಕಸದ ಡಬ್ಬಿಗೆ ಹಾಕಲು ಅವಳು ಒಪ್ಪಲಿಲ್ಲ. ಕೊನೆಗೆ ನೆಲ ಒರೆಸುತ್ತಿದ್ದ ಹೆಂಗಸನ್ನು ಕರೆದು, "ತಗಳವ್ವ, ಮಕ್ಕಳಿಗೆ ಬೆಲ್ಲದ ಜತಿಗೆ ಕೊಡು" ಅಂತ ಐದನ್ನೂ ಕೊಟ್ಟಳು. ವಿಮಾನ ಮೇಲೇರಿದಾಗ ಪಕ್ಕದವರು ಕಿಟಕಿ ನೋಡಿ ಅಂದರು. ಇವಳು ನೋಡಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಮತ್ತೆ ಬರಿಗೈ ಅಂತ ಒಂದೇ ಕೊರಗು.

ಒಂದೂವರೆ ಗಂಟೆ ಹಾರಿದ ಮೇಲೆ ಶ್ರೀಲಂಕಾದ ಏರ್‌ಪೋರ್ಟು ಕಟುನಾಯಕ ಬಂತು. ಇಳಿದ ಮೇಲೆ ಗೋಡೆ ಮೇಲಿನ ಬೋರ್ಡುಗಳನ್ನು ನೋಡಿದರೆ ಥೇಟು ಕನ್ನಡದ ಹಾಗೇ ದುಂಡದುಂಡಗೆ, ಹತ್ತಿರ ಹೋಗಿ ಓದಿದರೆ ಒಂದಕ್ಷರ ದಕ್ಕಲಿಲ್ಲ. ಜನ ಹೋದ ಕಡೆ ಹೋದಳು, ನಿಂತ ಕಡೆ ನಿಂತಳು. ಪಾಸ್‌ಪೋರ್ಟು ನೋಡುವ ಸಾಹೇಬರು ಇಂಗ್ಲಿಷಿನಲ್ಲಿ ಏನೋ ಕೇಳಿದರು, ಆಮೇಲೆ ತಮಿಳಿನಲ್ಲಿ ಕೇಳಿದರು. ಮಂಡಿಗೆ ಬರುವ ಲಾರಿಯವರಿಂದ ಕಲಿತ ತಮಿಳು ಅವಳಿಗೆ ಅಷ್ಟಿಷ್ಟು ಬರುತ್ತಿತ್ತು. "ತಂಗಚ್ಚಿ, ಏಳು ಮಾಸಂ," ಅಂತ ಹೊಟ್ಟೆ ಮುಂದೆ ಕೈಯಲ್ಲಿ ದುಂಡಗೆ ತೋರಿಸಿದಳು. ಸಾಹೇಬರು ನಕ್ಕು ಮುದ್ರೆ ಹೊಡೆದರು.

ಮುಂದೆ ಬಂದರೆ ಅಂಗಡಿಗಳ ಸಾಲು. ಫ್ರಿಜ್ಜು, ಬಟ್ಟೆ ಒಗೆಯುವ ಮಿಷಿನ್ನು, ದೊಡ್ಡ ದೊಡ್ಡ ಟೀವಿ! ಕೊಲ್ಲಿಯಿಂದ ಬಂದವರು ಇಳಿದ ಕೂಡಲೇ ಅಲ್ಲೇ ಕೊಂಡು ತಳ್ಳುಗಾಡಿಗೆ ಹೇರುತ್ತಿದ್ದರು. ತನ್ನ ಬ್ಯಾಗು ಸುತ್ತಿ ಸುತ್ತಿ ಬರುವ ಪಟ್ಟಿಯ ಮುಂದೆ ನಿಂತು ಮುದ್ದಕ್ಕ, "ಇಷ್ಟೆಲ್ಲ ಮಾರ್ತಾರೆ, ಐದು ಕೊಬ್ಬರಿ ಇಡಬಾರದಾ ಮುಂಡೇವು" ಅಂತ ಜೋರಾಗೇ ಬೈದಳು. ಯಾರಿಗೂ ಅರ್ಥವಾಗಲಿಲ್ಲ, ಅದೂ ಒಂದು ಬೇಜಾರು.

ಬ್ಯಾಗು ಎತ್ತಿಕೊಂಡು ಬಾಗಿಲಾಚೆ ಬಂದಳು. ಕಂಬಿಯ ಆಚೆ ನೂರಾರು ಜನ. "ಅವ್ರು ಬಂದಿರ್ತಾರೆ" ಅಂತ ಶಶಿ ಹೇಳಿದ್ದಳು. ಬಂದಿರುತ್ತಾನೆ ಸರಿ, ಆದರೆ ಯಾರು? ಎರಡು ದಿನ ಮನೆಯಲ್ಲಿದ್ದವನ ಮುಖ ಇವಳು ನೋಡಿದ್ದರೆ ತಾನೆ! ಉದ್ದವೋ ಗಿಡ್ಡವೋ, ಮೀಸೆ ಇತ್ತೋ ಇಲ್ಲವೋ, ಒಂದೂ ನೆನಪಿಲ್ಲ. ಒಬ್ಬೊಬ್ಬನ ಮುಖವನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾ ನಿಂತಳು. ನಾಚಿಕೆಯಾಯಿತು ಅವಳಿಗೆ, ನಿಜವಾಗಿ ನಾಚಿಕೆಯಾಯಿತು.

"ಅಕ್ಕಾ."

ತೆಳ್ಳಗಿನ ಆಳು, ತಲೆ ಮುಂದೆ ಬೊಕ್ಕ, ನೀಲಿ ಅಂಗಿ. ಸಿಂಹಳದವರೂ ಅಕ್ಕನಿಗೆ ಅಕ್ಕಾ ಅಂತಲೇ ಅನ್ನುತ್ತಾರೆ. ಹಾಗಾಗಿ ಯಾರದೋ ತಮ್ಮ ಯಾರನ್ನೋ ಕರೆಯುತ್ತಿದ್ದಾನೆ ಅಂದುಕೊಂಡು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. "ಮುದ್ದಕ್ಕಾ. ಬನ್ನಿ," ಅಂತ ಅವನು ಕನ್ನಡದಲ್ಲೇ ಕರೆದು ಬ್ಯಾಗಿಗೆ ಕೈ ಹಾಕಿದ. ಅವಳ ಮುಖ ಅವನಿಗೆ ಚೆನ್ನಾಗಿ ನೆನಪಿತ್ತು.

ಆಟೋಗಳನ್ನು ಬಾಗಿಲ ತನಕ ಬಿಡುವುದಿಲ್ಲವಂತೆ. ಬ್ಯಾಗು ಹೆಗಲಿಗೇರಿಸಿಕೊಂಡು ಲಸಂತ ಮುಂದೆ, ಇವಳು ಹಿಂದೆ, ಬಿಸಿಲಲ್ಲಿ ಹೊರಗಿನ ರಸ್ತೆ ತನಕ ನಡೆದರು. ಅಲ್ಲಿ ಅವನದೇ ಕೆಂಪು ಆಟೋ ನಿಂತಿತ್ತು. ಒಳಗೆ ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು, ಬೆನ್ನಿಗೆ ಒರಗಲು ಒಂದು ದಿಂಬು ಇಟ್ಟುಕೊಂಡು ಬಂದಿದ್ದ. ಮುದ್ದಕ್ಕ ಆ ದಿಂಬನ್ನು ಒಮ್ಮೆ ನೋಡಿ, ಬಾಳೆಹಣ್ಣು ಸುಲಿದು ತಿಂದಳು.

ನೆಗೊಂಬೊ ದಾಟುವ ತನಕ ಊರು, ಗಾಜಿನ ಪೆಟ್ಟಿಗೆಯೊಳಗೆ ಮೇರಿಯಮ್ಮ, ಮೀನಿನ ವಾಸನೆ. ಗಾಜಿನ ಪೆಟ್ಟಿಗೆ ಕಂಡ ಕಡೆಯೆಲ್ಲ ಕೈ ಮುಗಿದಳು, ಯಾವ ತಾಯಾದರೇನು. ಆಚೆ ಬಂದರೆ ಎರಡೂ ಕಡೆ ತೆಂಗೇ ತೆಂಗು! "ಅಯ್ಯೋ, ತುರುವೇಕೆರೆ ರಸ್ತೆ ಕಣಪ್ಪ ಇದು" ಅಂದಳು. ಲಸಂತ ಕನ್ನಡಿಯಲ್ಲಿ ನೋಡಿ ನಕ್ಕ. ಇಷ್ಟು ತೆಂಗಿರುವ ಕಡೆ ಕೊಬ್ಬರಿ ಸಿಕ್ಕದೇ ಹೋಗುತ್ತದೆಯೇ? ಮುದ್ದಕ್ಕನಿಗೆ ಜೀವ ಬಂತು. ಅವನ ಬೆನ್ನು ತಟ್ಟಿ, "ಕೊಬ್ಬರಿ! ಕೊಬ್ಬರಿ ಬೇಕು," ಅಂದು ಸೆರಗೊಡ್ಡಿ, "ಶಶಿಗೆ, ಮಡ್ಲಿಗೆ" ಅಂದಳು.

ಲಸಂತನಿಗೆ ಕೊಬ್ಬರಿ ಅಂದದ್ದು ತಿಳಿಯಿತು, ಅವರ ಮಾತಲ್ಲೂ ಹೆಚ್ಚು ಕಡಿಮೆ ಅದೇ. ಮಾರವಿಲ ಎಂಬ ಊರಿನ ಹತ್ತಿರ ಕೊಬ್ಬರಿ ಒಣಗಿಸುವ ಒಂದು ಗೂಡಿನ ಮುಂದೆ ಆಟೋ ನಿಲ್ಲಿಸಿದ. ಕೆಳಗೆ ಚಿಪ್ಪು ಉರಿಸಿ ಮೇಲಿನ ಹಲಗೆಯ ಮೇಲೆ ಕಾಯಿ ಹೋಳುಗಳನ್ನು ಹೊಗೆಯಲ್ಲಿ ಒಣಗಿಸುತ್ತಿದ್ದರು. ಎಲ್ಲಾ ಒಡೆದದ್ದು, ಎಲ್ಲಾ ಕಂದು. ಮುದ್ದಕ್ಕ ಒಂದನ್ನು ಮೂಸಿ ನೋಡಿ ವಾಪಸಿಟ್ಟಳು. "ಇದು ಎಣ್ಣೆಗೆ. ಮಡ್ಲಿಗೆ ಹೋಳು ಹಾಕಾಕಾಯ್ತದಾ?" ಅಂಗಳದ ರಾಶಿಗೆ ನುಗ್ಗಿ, ಸುಲಿದ ಕಾಯಿಗಳನ್ನು ಒಂದೊಂದೇ ಕಿವಿಗೆ ಹಿಡಿದು ಅಲ್ಲಾಡಿಸತೊಡಗಿದಳು. ಕೆಲಸದವರೆಲ್ಲ ನಿಂತು ನೋಡಿದರು. ಅವಳು ಏನು ಹುಡುಕುತ್ತಿದ್ದಾಳೋ ಯಾರಿಗೂ ತಿಳಿಯದು. ಲಸಂತನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳ ಹಾಗೇ ಒಂದೊಂದು ಅಲ್ಲಾಡಿಸಿ ಅವಳ ಮುಂದೆ ಹಿಡಿದ. ನೀರು. ಅದರಲ್ಲೂ ನೀರು. ಇನ್ನೊಂದರಲ್ಲೂ ನೀರು. ಹನ್ನೊಂದು ತಿಂಗಳು ಕಾಯಿ ಇಟ್ಟುಕೊಂಡು ಕಾಯುವ ಪದ್ಧತಿ ಆ ಗೂಡಿನವರಿಗೆ ಇಲ್ಲ. ಅರವತ್ತೋ ಎಪ್ಪತ್ತೋ ನೋಡಿ ಅವಳ ತೋಳು ಸೋತು ಬಂತು.

ರಾಶಿಯ ಪಕ್ಕ ಕೂತುಕೊಂಡು ಅವಳು ಅವನಿಗೆ ಹೇಳಿದಳು, ಅರ್ಧ ತಮಿಳು, ಅರ್ಧ ಕನ್ನಡ. "ಅವತ್ತು ನಾನು ನಿಂಗೆ ಮಾಡಿದ್ದು ಮರ್ಯಾದೆ ಅಲ್ಲ ಕಣಪ್ಪ. ಅವಳಿಗಂತೂ ಅನ್ಯಾಯ ಮಾಡ್ದೆ. ಬರಿ ಮಡ್ಲಾಗೆ ಕಳಿಸ್ದೆ." ಅವನಿಗೆ ಎಷ್ಟು ತಿಳಿಯಿತೋ ದೇವರೇ ಬಲ್ಲ. ಕೈ ಕೊಟ್ಟು ಎಬ್ಬಿಸಿದ, ಸೀರೆಗೆ ಹತ್ತಿದ್ದ ನಾರನ್ನು ತೋರಿಸಿದ, ಅವಳು ಒದರಿಕೊಂಡಳು. "ಶಶಿ ಕಾಯ್ತಾಳೆ," ಅಂದ.

ಮನೆ ತೆಂಗಿನ ತೋಟದ ಒಳಗೆ, ಹೆಂಚಿನದು, ಚಿಕ್ಕದು. ಆಟೋ ಸದ್ದಿಗೆ ಶಶಿ ಹೊರಗೆ ಬಂದಳು. ಬಳಲಿದ ಮುಖ, ದೊಡ್ಡ ಹೊಟ್ಟೆ, ಮೇಲೊಂದು ಹೂವಿನ ಚಿತ್ರದ ನೈಟಿ. ಮುದ್ದಕ್ಕ ಆಟೋದಿಂದ ಇಳಿದು ಅಂಗಳದಲ್ಲೇ ನಿಂತಳು. ಒಂದು ಹೆಜ್ಜೆ ಮುಂದಿಡಲಿಲ್ಲ.

"ಬಾ ಅಕ್ಕ, ಒಳಗೆ ಬಾ."

"ಎಂಗ್ ಬರ್‍ಲೇ? ಬರಿಗೈಲಿ ಬಂದಿವ್ನಿ. ಐದು ಕೊಬ್ಬರಿ ತಂದಿದ್ದೆ, ಅಲ್ಲೇ ತೆಗೆದುಬುಟ್ರು. ದಾರಿಯಾಗೆ ಹುಡುಕ್ದೆ, ಸಿಗ್ಲಿಲ್ಲ. ನಿನ್ನ ಗಂಡನ್ನ ಕೇಳು." ಖಾಲಿ ಕೈ ಎರಡನ್ನೂ ಮುಂದೆ ಚಾಚಿ ತೋರಿಸಿದಳು. "ನಿನ್ನ ಮಡ್ಲು ತುಂಬಾಕೆ ಅಂತ್ಲೇ ಬಂದೆ ಕಣೇ."

ಶಶಿ ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದು ಬಂದಳು. ಅಕ್ಕನ ಕೈ ಹಿಡಿದುಕೊಂಡಳು. ಅವಳ ಕಣ್ಣು ಒಣಗಿತ್ತು, ದನಿ ಮೆತ್ತಗಿತ್ತು.

"ಮಡ್ಲು ಹೊರಡೋರ್‍ಗೆ ತುಂಬೋದಲ್ವಾ ಅಕ್ಕ. ನೀನೀಗ ಬಂದಿದೀಯ. ನೀನು ಊರಿಗೆ ಹೊರಡೋ ದಿನ ನಾನೇ ನಿನ್ನ ಮಡ್ಲು ತುಂಬಿ ಕಳಿಸ್ತೀನಿ."

"ನಾನು ನಿಂಗೆ ತುಂಬ್ಲಿಲ್ಲವಲ್ಲೇ."

"ತುಂಬ್ಲಿಲ್ಲ," ಅಂದಳು ಶಶಿ. ಪರವಾಗಿಲ್ಲ ಬಿಡು ಅಂತ ಅವಳು ಅನ್ನಲಿಲ್ಲ. "ಹಂಗೆ ಹೊರಟ್ರೆ ಹೆಂಗಿರ್ತದೆ ಅಂತ ನಂಗೊತ್ತಲ್ಲಕ್ಕ. ಅದಕ್ಕೇ ತುಂಬ್ತೀನಿ."