ನಾನು ಬರೆದಿಲ್ಲ ಎಂದ ಅರ್ಜಿ

ಕುವೈತಿನ ರುಮೈಥಿಯಾದಲ್ಲಿ ಅಮೆರಿಕದ ಪಠ್ಯಕ್ರಮ ಇರುವ ಒಂದು ಶಾಲೆಯಲ್ಲಿ ನಾನು ಹನ್ನೊಂದು ವರ್ಷದಿಂದ ಸಮಾಜ ಪಾಠ ಮಾಡುತ್ತಿದ್ದೇನೆ. ಉಡುಪಿ ಕಡೆಯ ಹೆಂಗಸು ಇಲ್ಲಿ ನಿಂತು, ಈಜಿಪ್ಟಿನ, ಲೆಬನಾನಿನ ಮಕ್ಕಳಿಗೆ ಅಮೆರಿಕದ ಚರಿತ್ರೆ ಹೇಳುವುದು ಮೊದಮೊದಲು ನನಗೇ ನಗು ತರಿಸುತ್ತಿತ್ತು. ಆಮೇಲೆ ರೂಢಿಯಾಯಿತು. ಎಂಟನೇ ಕ್ಲಾಸಿಗೆ ಪ್ರತಿ ಏಪ್ರಿಲ್‌ನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯ ಪಾಠ ಬರುತ್ತದೆ. ಉಕ್ಕಿನ ಕಾರ್ಖಾನೆಗಳು, ರೈಲು, ಹಡಗಿನ ತಳದಲ್ಲಿ ಕೂತು ಬಂದ ವಲಸೆಗಾರರು, ಮುಷ್ಕರ, ಕೊನೆಗೆ ಸುಧಾರಣೆಯ ಕಾನೂನುಗಳು.

ಎರಡು ವರ್ಷದ ಹಿಂದೆ ಆ ಪಾಠದ ನಡುವೆಯೇ ಕ್ಲಾಸಿನ ಎಸಿ ಕೆಟ್ಟಿತು. ಗುತ್ತಿಗೆ ಕಂಪನಿಯ ಮೆಕ್ಯಾನಿಕ್ ಏಣಿ ಹಿಡಿದು ಬಂದ. ಗದಗ ಕಡೆಯವನು, ಕುವೈತಿಗೆ ಬಂದು ಹತ್ತೊಂಬತ್ತು ವರ್ಷ. ನನಗಿಂತ ದೊಡ್ಡವನಾದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಅವನು ಏಣಿಯ ಮೇಲಿದ್ದಷ್ಟು ಹೊತ್ತೂ ನಾನು ರೈಲು ಬೋಗಿ ಮಾಡುವ ಒಬ್ಬ ಕಾರ್ಖಾನೆ ಮಾಲೀಕನ ಕಥೆ ಹೇಳುತ್ತಿದ್ದೆ. ಆತ ಕೂಲಿಕಾರರಿಗೆ ತಾನೇ ಮನೆ ಕಟ್ಟಿಸಿ, ಅಲ್ಲೇ ಇರಿ ಎಂದು, ಆಮೇಲೆ ಸಂಬಳ ಇಳಿಸಿದ, ಬಾಡಿಗೆ ಇಳಿಸಲಿಲ್ಲ. ಕೇಳಲು ಹೋದವರಲ್ಲಿ ಕೆಲವರು ಕೆಲಸ ಕಳೆದುಕೊಂಡರು. ಮುಷ್ಕರವಾಯಿತು, ರೈಲುಗಳು ನಿಂತವು.

ಮಕ್ಕಳು ಹೋದ ಮೇಲೆ ಅವನು ಏಣಿ ಮಡಚುತ್ತ ಕೇಳಿದ, "ಅಕ್ಕಾರ, ಪೂರಾ ತಿಳೀಲಿಲ್ಲ. ಆ ಮಂದಿ ಕಡೀಗೆ ಗೆದ್ರೇನ್ರಿ?"

"ಆಗ ಗೆಲ್ಲಲಿಲ್ಲ. ಸರಕಾರ ಸೈನ್ಯ ಕಳಿಸಿತು."

"ಯಾರ ಕಡೆ?"

"ಮಾಲೀಕರ ಕಡೆಗೇ."

"ಹೌದಲ್ರಿ ಮತ್ತ," ಎಂದು ನಕ್ಕ. ಎಷ್ಟೋ ವರ್ಷದ ಮೇಲೆ ಕಾನೂನು ಬಂತು ಎಂದು ನಾನು ಹೇಳಿದ್ದನ್ನು ತಲೆ ಅಲ್ಲಾಡಿಸಿ ಕೇಳಿಸಿಕೊಂಡ.

ಮೇ ತಿಂಗಳ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಮಹಬೂಲಾದಲ್ಲಿ ಕಂಪನಿ ಕೊಟ್ಟ ಬಿಲ್ಡಿಂಗಿನಲ್ಲಿ ಒಂದು ಕೋಣೆಗೆ ಹತ್ತು ಜನ ಇದ್ದರು. "ನಾವು ಊರ ಮಂದೀಗೆಲ್ಲಾ ತಂಪು ಮಾಡಾವ್ರು. ನಮ್ಮ ಖೋಲ್ಯಾಗ ಎಸಿ ಸತ್ತು ಎರಡು ತಿಂಗಳಾತು. ಕಂಪನಿ ಸಾಮಾನು ಮುಟ್ಟಬ್ಯಾಡ ಅಂತಾರ. ಪಾಸ್‌ಪೋರ್ಟೂ ಅವರ ಹತ್ರನ ಐತಿ. ಇಂಗ್ಲಿಷ್‌ನಾಗ ಒಂದು ಅರ್ಜಿ ಬರದು ಕೊಡ್ರಿ."

ನಾನು ಖುಷಿಯಿಂದ ಬರೆದುಕೊಟ್ಟೆ. ಅದನ್ನು ಒಪ್ಪಿಕೊಳ್ಳಬೇಕು. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಜಂಬ ಇತ್ತು. ಒಂದೊಂದು ವಾಕ್ಯವನ್ನೂ ಎರಡು ಸಲ ತಿದ್ದಿದೆ. ಅವನು ಅದನ್ನು ಬಿಲ್ಡಿಂಗಿಗೆ ಒಯ್ದು, ಅಕ್ಕಪಕ್ಕದ ಕೋಣೆಗಳವರೂ ಸೇರಿ ಇಪ್ಪತ್ತೆರಡು ಜನರಿಂದ ಕೆಳಗೆ ಗುಂಡಗೆ, ಚಕ್ರದ ಹಾಗೆ ಸಹಿ ಮಾಡಿಸಿ ತಂದು ತೋರಿಸಿದ. "ಮೊದಲನೇ ಹೆಸರು ಯಾರ್ದು ಅಂತ ತಿಳೀಬಾರ್ದಲ್ರಿ." ಒಂದು ಪ್ರತಿ ಕಂಪನಿಗೆ ಹೋಯಿತು, ಒಂದು ನಮ್ಮ ಪ್ರಿನ್ಸಿಪಾಲರಿಗೆ.

ಪ್ರಿನ್ಸಿಪಾಲರು ಅಮೆರಿಕದ ಹೆಂಗಸು. ಈ ಪಾಠ ಬಂದಾಗಲೆಲ್ಲ ನನ್ನ ಕ್ಲಾಸಿಗೆ ಬಂದು ತಮ್ಮ ಮುತ್ತಜ್ಜನ ಫೋಟೋ ತೋರಿಸುತ್ತಿದ್ದರು. ಪೋಲೆಂಡಿನಿಂದ ಬಂದು ಉಕ್ಕಿನ ಕಾರ್ಖಾನೆ ಸೇರಿದವನು, ಮುಷ್ಕರದಲ್ಲಿ ಬೀದಿಗೆ ಬಿದ್ದವನು. ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ವಾರದೊಳಗೆ ಅವರು ನನ್ನನ್ನು ಕರೆಸಿದರು. ಗುತ್ತಿಗೆ ಕಂಪನಿಯ ಮ್ಯಾನೇಜರ್ ಎದುರು ಕೂತಿದ್ದ, ನಮ್ಮ ದೇಶದವನೇ. ಮೆಕ್ಯಾನಿಕ್ ಬಾಗಿಲ ಹತ್ತಿರ ನಿಂತಿದ್ದ; ಸಹಿ ಮಾಡಿದವರಲ್ಲಿ ನಮ್ಮ ಶಾಲೆಗೆ ಬಂದು ಹೋಗುವವನು ಅವನೊಬ್ಬನೇ. ಮೇಜಿನ ಮೇಲೆ ಅರ್ಜಿ.

"ಭಾಷೆ ಬಹಳ ಚೆನ್ನಾಗಿದೆ," ಎಂದರು ಪ್ರಿನ್ಸಿಪಾಲರು. "ಶಾಲೆಯವರು ಯಾರೂ ಬರೆದಿಲ್ಲ ಅಂತ ನಾನು ಇವರಿಗೆ ಹೇಳಬೇಕಾಗಿದೆ. ನೀವು ಬರೆದಿರಾ?"

ನನ್ನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಆ ಶಾಲೆ ಕೊಡಿಸಿದ್ದು. ಮಗಳು ಅಲ್ಲೇ ಹತ್ತನೇ ಕ್ಲಾಸಿನಲ್ಲಿದ್ದಳು. ಗಂಡನ ಕಂಪನಿ ಆ ಜನವರಿಯಲ್ಲಿ ಮುಚ್ಚಿತ್ತು. ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ಇಷ್ಟೆಲ್ಲ ಯೋಚಿಸಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ "ಇಲ್ಲ" ಎಂದೆ.

ಮ್ಯಾನೇಜರ್ ತಿರುಗಿ ಮೆಕ್ಯಾನಿಕ್‌ನನ್ನು ನೋಡಿದ. ಅವನು ನನ್ನ ಕಡೆ ನೋಡಲಿಲ್ಲ. "ಮೈನೇ ಲಿಖಾ, ಸಾಬ್. ಮೊಬೈಲ್ ಸೇ."

ಮ್ಯಾನೇಜರಿಗೆ ನಗು ಬಂತು. ಇವನೇ ಮೊಬೈಲಿನಿಂದ ಬರೆದ ಎಂಬುದು ಸುಳ್ಳೆಂದು ಅವನಿಗೂ ಗೊತ್ತಿತ್ತು, ಪ್ರಿನ್ಸಿಪಾಲರಿಗೂ ಗೊತ್ತಿತ್ತು. ಆ ಸುಳ್ಳಿನಿಂದ ಎಲ್ಲರ ಕೆಲಸವೂ ಹಗುರಾಯಿತು. "ಖಲಾಸ್," ಎಂದು ಮ್ಯಾನೇಜರ್ ಎದ್ದ. ನಾನು ಕ್ಲಾಸಿಗೆ ಹೋದೆ.

ಮನೆಯಲ್ಲಿ ಹೇಳಿದಾಗ ಗಂಡ, "ಎಂತಕ್ಕೆ ಬೇಕಿತ್ತು ಮಾರಾಯ್ತಿ ನಿಂಗೆ?" ಎಂದರು. ಬರೆದದ್ದಕ್ಕೋ, ಇಲ್ಲ ಎಂದದ್ದಕ್ಕೋ, ನಾನು ಕೇಳಲಿಲ್ಲ.

ಕಂಪನಿಯವರು ಮೆಕ್ಯಾನಿಕ್‌ನ ಇಕಾಮಾ ರದ್ದು ಮಾಡಿ ಊರಿನ ಟಿಕೆಟ್ ಕೈಗಿಟ್ಟರು. ಹೊರಡುವ ಹಿಂದಿನ ಶುಕ್ರವಾರ ಮಹಬೂಲಾಕ್ಕೆ ಹೋದೆ. ಬಿಲ್ಡಿಂಗಿನ ಕೆಳಗೆ, ಕಿರಾಣಿ ಅಂಗಡಿಯ ನೆರಳಲ್ಲಿ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ.

"ನಾನು ಹೇಳಬೇಕಿತ್ತು," ಎಂದೆ.

"ಹೇಳಿದ್ರ ಏನಾಕ್ಕಿತ್ರಿ ಅಕ್ಕಾರ? ಇಬ್ರೂ ಹೋಕ್ಕಿದ್ವಿ." ಗಂಟು ಹಾಕಿ, ಕೈ ಒರೆಸಿಕೊಂಡು ಮತ್ತೆ ಹೇಳಿದ, "ಆದ್ರ ನೀವು ಅಷ್ಟು ಲಗೂನ ಇಲ್ಲ ಅಂದ್ರಿ ನೋಡ್ರಿ. ಅದೊಂದು ಮನಸಿಗೆ ಹತ್ತಿತು."

ಅಂಗಡಿಯಿಂದ ನನಗೆಂದು ತಣ್ಣನೆಯ ಲಬನ್ ತರಿಸಿದ. ಆ ಮಜ್ಜಿಗೆಯನ್ನು ನಿಂತೇ ಕುಡಿದು ಬಂದೆ.

ಜೂನ್‌ನಲ್ಲಿ ಆ ಬಿಲ್ಡಿಂಗಿಗೆ ಹೊಸ ಎಸಿಗಳು ಬಂದವು. ಪಾಸ್‌ಪೋರ್ಟಿನ ಮಾತು ಯಾರೂ ಎತ್ತಲಿಲ್ಲ. ವರ್ಷದ ಕೊನೆಯ ಸಭೆಯಲ್ಲಿ ಪ್ರಿನ್ಸಿಪಾಲರು, ನಮ್ಮ ಶಾಲೆ ಒತ್ತಾಯ ಮಾಡಿದ್ದರಿಂದ ಕೂಲಿಕಾರರ ವಸತಿ ಸುಧಾರಿಸಿತು ಎಂದು ಹೆಮ್ಮೆಯಿಂದ ಹೇಳಿದರು. ಟೀಚರುಗಳೆಲ್ಲ ಚಪ್ಪಾಳೆ ತಟ್ಟಿದರು, ನಾನೂ ಸೇರಿ.

ಮಗಳಿಗೆ ಹೇಗೋ ವಿಷಯ ತಿಳಿದಿತ್ತು. ಒಂದು ದಿನ ಊಟ ಮಾಡುತ್ತ, "ಅಮ್ಮಾ, ಡಿಡ್ ಯೂ ರೈಟ್ ಇಟ್?" ಎಂದಳು. ಹೌದು ಎಂದೆ. "ಓಕೆ," ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಆಮೇಲೆ ಆ ಮಾತು ಎತ್ತಿಲ್ಲ.

ಅವನೀಗ ಹುಬ್ಬಳ್ಳಿಯಲ್ಲಿ ಫ್ರಿಜ್ಜು, ಎಸಿ ರಿಪೇರಿ ಮಾಡುತ್ತಾನೆ. ಒಮ್ಮೆ ಫೋನ್ ಮಾಡಿದ್ದೆ. ನನ್ನ ಗಂಡನಿಗೆ ಕೆಲಸ ಸಿಕ್ಕಿತೇ, ಮಗಳು ಏನು ಓದುತ್ತಿದ್ದಾಳೆ ಎಂದೆಲ್ಲ ಮರ್ಯಾದೆಯಿಂದ ವಿಚಾರಿಸಿದ. ಒಂದು ಸಲವೂ ಅಕ್ಕಾರ ಎನ್ನಲಿಲ್ಲ, ಮೇಡಂ ಎಂದ. ನಾನು ಮತ್ತೆ ಫೋನ್ ಮಾಡಿಲ್ಲ.